ಲೆನ್ಸ್ ಕಂಡದ್ದೆಷ್ಟು, ತಂತ್ರಾಂಶ ಉಳಿಸಿದ್ದೆಷ್ಟು

(ಛಾಯಾಗ್ರಹಣಾಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳ ಜಾಗದಲ್ಲಿ ಇಲ್ಲಿ ಅಂಕಿಗಳನ್ನು ಕೊಟ್ಟಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಪರದೆಯ ಮೇಲೆ ಎರಡು ಚಿತ್ರಗಳಿವೆ, ನೋಡಿ. ಎರಡೂ ಒಂದೇ ರಾ ಫೈಲಿನವು, ಅಂದರೆ ಕ್ಯಾಮೆರಾದ ಸೆನ್ಸರ್ ದಾಖಲಿಸಿದ್ದನ್ನು ಸಂಸ್ಕರಿಸದೆ ಇಟ್ಟ ಫೈಲಿನವು. ಅದೇ ಕ್ಯಾಮೆರಾ, ಅದೇ ಲೆನ್ಸ್, ಅದೇ ಕ್ಷಣ. ಒಂದನ್ನು ಒಂದು ತಂತ್ರಾಂಶದಲ್ಲಿ ತೆರೆದಿದ್ದೇನೆ, ಇನ್ನೊಂದನ್ನು ಬೇರೊಂದರಲ್ಲಿ. ಮೊದಲನೆಯದರ ಅಂಚಿನಲ್ಲಿ ಕಿಟಕಿಯೊಂದರ ಚೌಕಟ್ಟು ಕಾಣುತ್ತದೆ. ಎರಡನೆಯದರಲ್ಲಿ ಆ ಚೌಕಟ್ಟು ಇಲ್ಲವೇ ಇಲ್ಲ. ಲೆನ್ಸಿನ ಮೇಲೆ 24 ಎಂಎಂ ಎಂದು ಬರೆದಿದೆ. ಅದು ಫೋಕಲ್ ಲೆಂತ್; ಅಂಕಿ ಚಿಕ್ಕದಾದಷ್ಟೂ ನೋಟ ಅಗಲ. ಹಾಗಿದ್ದರೆ ಇವೆರಡರಲ್ಲಿ 24 ಎಂಎಂ ಯಾವುದು?

ತಂತ್ರಾಂಶ ಚಿತ್ರವನ್ನು ತಿಂದುಹಾಕಿದೆ ಎಂದು ದೂರುವವರಿದ್ದಾರೆ. ಲೆನ್ಸ್ ತಯಾರಕರು ಸುಳ್ಳು ಹೇಳುತ್ತಿದ್ದಾರೆ ಎನ್ನುವವರೂ ಇದ್ದಾರೆ. ನೋಟದ ವ್ಯಾಪ್ತಿ ಎಂಬುದು ಪೂರ್ತಿಯಾಗಿ ಲೆನ್ಸಿನ ಗುಣ ಎಂಬ ಹಳೆಯ ನಂಬಿಕೆಯಿಂದ ಈ ಎರಡೂ ದೂರುಗಳು ಹುಟ್ಟುತ್ತವೆ. ಗಾಜು ನೋಡುವುದು ಒಂದಷ್ಟು; ನಿಮ್ಮ ಕೈಗೆ ಬರುವುದು ಇನ್ನೊಂದಷ್ಟು. ನಡುವೆ ಕುಳಿತು ಎಷ್ಟು ಉಳಿಯಬೇಕೆಂದು ತೀರ್ಮಾನಿಸುವುದು ರಾ ಸಂಸ್ಕರಣೆಯ ತಂತ್ರಾಂಶ. ಅದು ಏನನ್ನು ನೋಡಿ ತೀರ್ಮಾನಿಸುತ್ತದೆ ಎಂಬುದೇ ಈ ಹೊತ್ತಿನ ಮಾತು.

ಮೊದಲು ಶಾಲೆಯ ಲೆಕ್ಕ. ಸೆನ್ಸರಿನ ಅರ್ಧ ಅಗಲವನ್ನು ಫೋಕಲ್ ಲೆಂತ್‌ನಿಂದ ಭಾಗಿಸಿ, ಬಂದ ಟ್ಯಾಂಜೆಂಟಿಗೆ ತಕ್ಕ ಕೋನವನ್ನು ಹುಡುಕಿ, ಎರಡರಿಂದ ಗುಣಿಸಿ. ನೋಟದ ಕೋನ ಸಿಕ್ಕಿತು. ಫುಲ್ ಫ್ರೇಮ್ ಸೆನ್ಸರಿನ ಅಳತೆ 36 × 24 ಎಂಎಂ, ಕರ್ಣ ಸುಮಾರು 43.3 ಎಂಎಂ. 24 ಎಂಎಂ ಲೆನ್ಸಿಗೆ ಅಡ್ಡಲಾಗಿ 73.7 ಡಿಗ್ರಿ, ಮೇಲಿನಿಂದ ಕೆಳಕ್ಕೆ 53.1 ಡಿಗ್ರಿ, ಕರ್ಣದ ಉದ್ದಕ್ಕೆ 84.1 ಡಿಗ್ರಿ ಬರುತ್ತದೆ. ಲೆನ್ಸಿನ ವಿವರಪತ್ರದಲ್ಲಿ ಸಾಮಾನ್ಯವಾಗಿ ಅಚ್ಚಾಗುವುದು ಈ ಕೊನೆಯ ಅಂಕಿ. ಚಿತ್ರದ ಫೈಲಿನಲ್ಲಿರುವ ಮಾಹಿತಿಯನ್ನು ಓದುವ ಎಕ್ಸಿಫ್‌ಟೂಲ್ ತಂತ್ರಾಂಶ ತೋರಿಸುವ ಕೋನವೂ ಇದೇ ಸೂತ್ರದ್ದು.

ಈ ಸೂತ್ರ ಎರಡು ಸಂಗತಿಗಳನ್ನು ಕೇಳದೆಯೇ ಒಪ್ಪಿಕೊಂಡಿದೆ. ಸೆನ್ಸರಿನ ಅಗಲ ಇಷ್ಟೇ ಎಂಬುದು ಒಂದು. ಲೆನ್ಸ್ ನೇರ ಗೆರೆಯನ್ನು ನೇರವಾಗಿಯೇ ಮೂಡಿಸುತ್ತದೆ ಎಂಬುದು ಇನ್ನೊಂದು. ಎರಡರಲ್ಲೂ ಸಡಿಲವಿದೆ.

ಸೆನ್ಸರಿನ ಅಗಲದ ವಿಚಾರವನ್ನು ಬೇಗ ಮುಗಿಸಿಬಿಡುತ್ತೇನೆ, ಏಕೆಂದರೆ ಅಲ್ಲಿ ಪಣಕ್ಕಿರುವುದು ಕಡಿಮೆ. ರಾ ಫೈಲಿನಲ್ಲಿ ನೀವು ಎಂದೂ ಕಾಣದ ಪಿಕ್ಸೆಲ್‌ಗಳಿರುತ್ತವೆ. ಸೆನ್ಸರಿನ ಅಂಚಿನ ಒಂದು ಪಟ್ಟಿಯನ್ನು ಬೆಳಕು ಬೀಳದಂತೆ ಮುಚ್ಚಿರುತ್ತಾರೆ. ಕಪ್ಪು ಎಂದರೆ ಎಷ್ಟು ಕಪ್ಪು ಎಂದು ಅಳೆಯಲು ಅದು ಬೇಕು. ಅದರ ಪಕ್ಕದಲ್ಲಿ ಬೆಳಕು ಬಿದ್ದಿರುವ, ಆದರೂ ಚಿತ್ರಕ್ಕೆ ಸೇರದ ಕೆಲವು ಸಾಲುಗಳು. ಸೆನ್ಸರಿನ ಪ್ರತಿ ಪಿಕ್ಸೆಲ್ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಅಳೆಯುವುದರಿಂದ ಉಳಿದ ಎರಡು ಬಣ್ಣಗಳನ್ನು ನೆರೆಯ ಪಿಕ್ಸೆಲ್‌ಗಳಿಂದ ಅಂದಾಜು ಮಾಡಬೇಕು. ತೀರಾ ಅಂಚಿನ ಪಿಕ್ಸೆಲ್ಲಿಗೆ ಒಂದು ಪಕ್ಕದಲ್ಲಿ ನೆರೆಯೇ ಇಲ್ಲ. ಹಾಗಾಗಿ ಅಂಚಿನಲ್ಲಿ ಸ್ವಲ್ಪ ಬಿಡುವುದು ರೂಢಿ. ಎಷ್ಟು ಬಿಡಬೇಕು ಎಂಬಲ್ಲಿ ತಂತ್ರಾಂಶಗಳಿಗೆ ಒಮ್ಮತವಿಲ್ಲ. ಅಡೋಬಿ ರೂಪಿಸಿದ ಡಿಎನ್‌ಜಿ ಎಂಬ ರಾ ಫೈಲಿನಲ್ಲಿ ಬೆಳಕು ಬಿದ್ದ ಪ್ರದೇಶ ಇಷ್ಟು, ತೋರಿಸಬೇಕಾದ ಪ್ರದೇಶ ಇಷ್ಟು ಎಂದು ಎರಡು ಬೇರೆ ಬೇರೆ ನಮೂದುಗಳೇ ಇವೆ. ಕ್ಯಾಮೆರಾ ತಾನೇ ಸಂಸ್ಕರಿಸಿ ಕೊಡುವ ಜೆಪೆಗ್ ಚಿತ್ರ ಎರಡನೆಯದನ್ನು ಪಾಲಿಸುತ್ತದೆ. ಡೇವ್ ಕಾಫಿನ್ ಬರೆದ ಡಿಸಿರಾ ಮತ್ತು ಅದರ ದಾರಿಯಲ್ಲಿ ಬಂದ ಮುಕ್ತ ತಂತ್ರಾಂಶಗಳು ಮೊದಲನೆಯದರ ಹತ್ತಿರಕ್ಕೆ ಹೋಗುತ್ತವೆ. ಲಾಭವೆಷ್ಟು? 6000 ಪಿಕ್ಸೆಲ್ ಅಗಲದ ಚಿತ್ರಕ್ಕೆ 24 ಪಿಕ್ಸೆಲ್ ಹೆಚ್ಚು ಸಿಕ್ಕಿತು ಎನ್ನಿ. 24 ಎಂಎಂ ಲೆನ್ಸಿನಲ್ಲಿ ಅದು ಡಿಗ್ರಿಯ ಐದನೇ ಒಂದು ಭಾಗ. ಗುಂಪಿನ ಚಿತ್ರದ ತುದಿಯಲ್ಲಿ ನಿಂತವರ ಮೊಣಕೈಯನ್ನು ಉಳಿಸಬಹುದು, ಅಷ್ಟೇ.

ಇದು ಹೊಸ ವಿದ್ಯೆಯೇನೂ ಅಲ್ಲ ಎಂಬುದನ್ನು ಹಳಬರು ನೆನಪಿಸಿಕೊಳ್ಳಬಹುದು. ಸ್ಲೈಡಿನ ಚೌಕಟ್ಟು 36 × 24ರ ಚಿತ್ರದ ಅಂಚನ್ನು ಸುತ್ತಲೂ ಒಂದಿಷ್ಟು ನುಂಗುತ್ತಿತ್ತು. ಕತ್ತಲೆಕೋಣೆಯ ಎನ್‌ಲಾರ್ಜರಿನಲ್ಲಿ ನೆಗೆಟಿವ್ ಹಿಡಿಯುವ ತಗಡಿನ ಕಿಂಡಿಯನ್ನು ಅರದಿಂದ ಉಜ್ಜಿ ಅಗಲ ಮಾಡಿಕೊಂಡು, ಚಿತ್ರದ ಸುತ್ತ ಕಪ್ಪು ಗೆರೆ ಬರುವಂತೆ ಮುದ್ರಿಸಿ, ಪೂರ್ತಿ ನೆಗೆಟಿವ್ ಬಳಸಿದ್ದೇನೆ ಎಂದು ಸಾರುತ್ತಿದ್ದ ಛಾಯಾಗ್ರಾಹಕರು ಬೇಕಾದಷ್ಟಿದ್ದರು.

ಇನ್ನು ವಕ್ರತೆಯ ವಿಚಾರ. ಅಸಲು ಕಥೆ ಇರುವುದು ಇಲ್ಲಿ.

ಅಗಲವಾಗಿ ನೋಡುವ ವೈಡ್ ಲೆನ್ಸುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಬ್ಯಾರೆಲ್ ವಕ್ರತೆ. ಮಧ್ಯದಿಂದ ದೂರ ಹೋದಂತೆ ಚಿತ್ರ ಇರಬೇಕಾದುದಕ್ಕಿಂತ ಒಳಕ್ಕೆ ಕುಗ್ಗುತ್ತದೆ, ನೇರ ಗೋಡೆ ಹೊರಕ್ಕೆ ಉಬ್ಬುತ್ತದೆ. ಕುಗ್ಗುವುದರಿಂದಲೇ ಸೆನ್ಸರಿನ ಅದೇ ಜಾಗದಲ್ಲಿ ಹೆಚ್ಚು ದೃಶ್ಯ ಹಿಡಿಸುತ್ತದೆ. ಅಂದರೆ ಬ್ಯಾರೆಲ್ ವಕ್ರತೆ ಇರುವ ಲೆನ್ಸ್, ಸೂತ್ರ ಹೇಳುವುದಕ್ಕಿಂತ ಅಗಲವಾಗಿ ನೋಡುತ್ತದೆ. ತಂತ್ರಾಂಶ ಇದನ್ನು ಸರಿಪಡಿಸುವಾಗ ಒದ್ದೆ ಬಟ್ಟೆಯ ನಾಲ್ಕು ಮೂಲೆಗಳನ್ನು ಹಿಡಿದು ಎಳೆದಂತೆ ಮಾಡುತ್ತದೆ: ಮೂಲೆಗಳು ಚೂಪಾಗಿ ಹೊರಕ್ಕೆ ಬರುತ್ತವೆ, ಬದಿಗಳ ನಡುಭಾಗ ಅಷ್ಟು ಬರುವುದಿಲ್ಲ. ಗೋಡೆ ನೆಟ್ಟಗಾಯಿತು, ಆದರೆ ಚಿತ್ರದ ಹೊರರೇಖೆ ಡೊಂಕಾಯಿತು. ನಮಗೆ ಬೇಕಾದದ್ದು ಆಯತ. ಡೊಂಕು ಆಕಾರದ ಒಳಗೆ ಒಂದು ಆಯತವನ್ನು ಕೂರಿಸಿದರೆ ಹೊರಗೆ ಉಳಿಯುವುದೆಲ್ಲ ಕಸ. ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸುಗಳ ಪಿನ್‌ಕುಶನ್ ವಕ್ರತೆಯಲ್ಲಿ ಇದು ತಿರುಗಾಮುರುಗಾ: ಮೂಲೆಗಳು ಉಳಿದು ಬದಿಗಳ ನಡುಭಾಗ ಹೋಗುತ್ತದೆ. ಅಲ್ಲಿ ವಕ್ರತೆ ಹೆಚ್ಚಾಗಿ ಸಣ್ಣದು, ಯಾರೂ ಗಮನಿಸುವುದಿಲ್ಲ.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ತಂದಿದ್ದೇನೆ. ಇದು ಕಾಗದದ ಮೇಲಿನ ಲೆನ್ಸ್, ಯಾವ ಕಂಪನಿಯದೂ ಅಲ್ಲ. ಮಧ್ಯಭಾಗದಲ್ಲಿ ಅಳೆದರೆ ಅದರ ಫೋಕಲ್ ಲೆಂತ್ 24.4 ಎಂಎಂ. ಸೆನ್ಸರಿನ ಮೂಲೆಯಲ್ಲಿ ಶೇಕಡಾ 6ರಷ್ಟು ಬ್ಯಾರೆಲ್ ವಕ್ರತೆ. ಏನನ್ನೂ ಸರಿಪಡಿಸದೆ ತೆರೆದರೆ ಅಡ್ಡಲಾಗಿ 75.1 ಡಿಗ್ರಿ, ಮೇಲಿನಿಂದ ಕೆಳಕ್ಕೆ 53, ಕರ್ಣಕ್ಕೆ 86.6 ಡಿಗ್ರಿ ಸಿಗುತ್ತದೆ. ಸರಿಪಡಿಸಿ, 3:2ರ ಆಕಾರವನ್ನೇ ಉಳಿಸಿಕೊಂಡು ಕತ್ತರಿಸಿದರೆ 73.7, 53, 84. ಅಚ್ಚುಕಟ್ಟಾಗಿ ಒಂದು 24 ಎಂಎಂ ಲೆನ್ಸ್ ಸಿದ್ಧವಾಯಿತು.

ಈ ಅಂಕಿಗಳನ್ನು ಸ್ವಲ್ಪ ಹೊತ್ತು ನೋಡಿ. ಮೇಲಿನಿಂದ ಕೆಳಕ್ಕೆ ಏನೂ ಕಳೆದುಹೋಗಿಲ್ಲ. ಆಯತದ ಮೇಲಂಚಿನ ನಡುಬಿಂದು ಚಿತ್ರದ ಮಧ್ಯಕ್ಕೆ ಎಲ್ಲಕ್ಕಿಂತ ಹತ್ತಿರವಿರುವುದರಿಂದ ಅಲ್ಲಿ ವಕ್ರತೆ ಎಲ್ಲಕ್ಕಿಂತ ಕಡಿಮೆ. ಆಯತ ಮೊದಲು ತಾಗುವುದು ಅಲ್ಲಿಗೆ. ಅಡ್ಡಲಾಗಿ ನೋಡಿದರೆ ಎರಡೂ ಬದಿಗಳಲ್ಲಿ ಇನ್ನೂ ಒಳ್ಳೆಯ ಚಿತ್ರ ಉಳಿದಿದೆ, 6000 ಪಿಕ್ಸೆಲ್ ಅಗಲದ ಸೆನ್ಸರಿನಲ್ಲಿ ಬದಿಗೆ ಸುಮಾರು 65 ಪಿಕ್ಸೆಲ್. ಅದನ್ನು ಬಿಸಾಡಿದ್ದು 3:2 ಎಂಬ ಆಕಾರದ ಮೇಲಿನ ನಿಷ್ಠೆಗಾಗಿ ಮಾತ್ರ. ಆ ನಿಷ್ಠೆ ಬೇಡವೆಂದರೆ 1.54:1ರ ಆಸುಪಾಸಿನ, ಸ್ವಲ್ಪ ಅಗಲವಾದ, ಪೂರ್ತಿ ಸರಿಪಡಿಸಿದ ಚಿತ್ರವೇ ಸಿಗುತ್ತದೆ. ಡಿಎಕ್ಸ್‌ಒ ಫೋಟೋಲ್ಯಾಬ್ ಎಂಬ ರಾ ತಂತ್ರಾಂಶದಲ್ಲಿ ಚಿತ್ರದ ಅನುಪಾತವನ್ನು ಉಳಿಸಬೇಕೇ ಎಂದು ಕೇಳುವ ಸಣ್ಣ ಗುರುತುಪೆಟ್ಟಿಗೆ ಇರುವುದು ಇದಕ್ಕೇ. ನಾನಂತೂ ಅದರ ಗುರುತನ್ನು ತೆಗೆದೇ ಇಟ್ಟಿರುತ್ತೇನೆ. ಕತ್ತರಿಸಬೇಕಾದರೆ ಎಲ್ಲಿ ಕತ್ತರಿಸಬೇಕೆಂದು ನಾನೇ ಹೇಳುತ್ತೇನೆ.

ಮೂಲೆಯನ್ನು ನೋಡಿ. ಸರಿಪಡಿಸಿದ ಚಿತ್ರದ ಮೂಲೆ ಸೆನ್ಸರಿನ ಮೂಲೆಯಿಂದ ಬಂದದ್ದಲ್ಲ. ಮಧ್ಯದಿಂದ ಮೂಲೆಗೆ ಇರುವ ದೂರದ ಶೇಕಡಾ 96ರಲ್ಲೇ ಅದು ನಿಂತಿದೆ. ಹಾಗಾದರೆ ಸೆನ್ಸರಿನ ತುತ್ತತುದಿಗೆ ಬೆಳಕು ತಲುಪಿಸುವ ಕಷ್ಟ ಲೆನ್ಸಿಗೆ ಏಕೆ ಬೇಕು? ವಿನ್ಯಾಸಕಾರರು ಕೇಳಿಕೊಂಡದ್ದು ಇದನ್ನೇ. 2019ರಲ್ಲಿ ಬಂದ ಕ್ಯಾನನ್ ಆರ್‌ಎಫ್ 24-240 ಜೂಮ್ ಲೆನ್ಸಿನ ರಾ ಫೈಲನ್ನು 24 ಎಂಎಂನಲ್ಲಿ ಏನೂ ಸರಿಪಡಿಸದೆ ತೆರೆದರೆ ನಾಲ್ಕು ಮೂಲೆಗಳೂ ಕಪ್ಪು. ಅದೇ ತಯಾರಕರ ಆರ್‌ಎಫ್ 14-35ರಲ್ಲೂ ಅಗಲದ ತುದಿಯಲ್ಲಿ ಇದೇ ಕಥೆ, ಮತ್ತು ಅದು ಅವರ ದುಬಾರಿ ಸಾಲಿನ ಲೆನ್ಸ್. ಕೆಟ್ಟ ಲೆನ್ಸ್ ಎಂದು ಹೇಳಿಬಿಡುವ ಮೊದಲು ಯೋಚಿಸಿ: ಎಂದೂ ಬಳಸದ ಜಾಗಕ್ಕೆ ಬೆಳಕು ಬೀಳುತ್ತಿಲ್ಲ ಎಂಬುದು ಎಂಥ ದೂರು? ಸರಿಪಡಿಸುವಿಕೆಯ ಪ್ರಮಾಣವನ್ನು ಕೈಯಾರೆ ಇಳಿಸಿ, ಗೆರೆಗಳು ಸ್ವಲ್ಪ ಉಬ್ಬಿದರೂ ಚಿಂತೆಯಿಲ್ಲ ಎಂದು ಆ ಕಪ್ಪಿನ ಅಂಚಿನವರೆಗೂ ಹೋಗಿ, ಬರೆದಿರುವ ಅಂಕಿಗಿಂತ ಅಗಲವಾದ ನೋಟವನ್ನು ಗಿಟ್ಟಿಸಿಕೊಳ್ಳುವವರೂ ಇದ್ದಾರೆ. ಕಾಡು, ಮೋಡ, ಬಂಡೆಗಳ ಚಿತ್ರದಲ್ಲಿ ನೇರ ಗೆರೆ ಯಾರಿಗೆ ಬೇಕು.

ಮೊದಲು ಹೀಗಿರಲಿಲ್ಲ. ಎಸ್‌ಎಲ್‌ಆರ್ ಕ್ಯಾಮೆರಾದ ಕನ್ನಡಿ ಲೆನ್ಸ್ ಕಂಡದ್ದನ್ನು ಹಾಗೆಯೇ ಕಣ್ಣಿಗೆ ತಲುಪಿಸುತ್ತಿತ್ತು. ಗೋಡೆ ಉಬ್ಬಿದ್ದರೆ, ಮೂಲೆ ಕಪ್ಪಾಗಿದ್ದರೆ ಕೊಳ್ಳುವವರಿಗೆ ಅಂಗಡಿಯಲ್ಲೇ ಗೊತ್ತಾಗುತ್ತಿತ್ತು. ಹಾಗಾಗಿ ಗಾಜಿನಲ್ಲೇ ಎಲ್ಲವನ್ನೂ ತಿದ್ದಬೇಕಾಗಿತ್ತು. ಕನ್ನಡಿ ಹೋಗಿ ಪುಟ್ಟ ಪರದೆ ಬಂದಮೇಲೆ, ಸರಿಪಡಿಸಿದ ಚಿತ್ರವನ್ನೇ ಕಣ್ಣಿಗೆ ತೋರಿಸಬಹುದಾಯಿತು. ಒಲಿಂಪಸ್ ಮತ್ತು ಪ್ಯಾನಸೋನಿಕ್ 2008ರಲ್ಲಿ ಪ್ರಕಟಿಸಿದ ಮೈಕ್ರೋ ಫೋರ್ ಥರ್ಡ್ಸ್ ಎಂಬ, ಕನ್ನಡಿಯಿಲ್ಲದ ಕ್ಯಾಮೆರಾ ಮತ್ತು ಲೆನ್ಸುಗಳ ವ್ಯವಸ್ಥೆ ಇದನ್ನು ಆರಂಭದಿಂದಲೇ ಲೆಕ್ಕಕ್ಕೆ ಹಿಡಿಯಿತು: ವಕ್ರತೆಯ ವಿವರವನ್ನು ಲೆನ್ಸ್ ಕ್ಯಾಮೆರಾಕ್ಕೆ ಹೇಳುತ್ತದೆ, ಕ್ಯಾಮೆರಾ ಅದನ್ನು ರಾ ಫೈಲಿನಲ್ಲಿ ಬರೆದಿಡುತ್ತದೆ, ತಂತ್ರಾಂಶ ಅದನ್ನು ಓದಿ ಚಿತ್ರವನ್ನು ಎಳೆಯುತ್ತದೆ. ಮರುವರ್ಷ, 2009ರಲ್ಲಿ, ಅಡೋಬಿಯ ಡಿಎನ್‌ಜಿ 1.3ರಲ್ಲಿ ಇಂಥ ಸೂಚನೆಗಳನ್ನು ಫೈಲಿನೊಳಗೆ ಇಡುವ ಏರ್ಪಾಡು ಬಂತು. ವಕ್ರತೆ ತಿದ್ದುವ ಸೂಚನೆಯಲ್ಲಿರುವ ಸೂತ್ರದ ಮೊದಲ ಗುಣಾಂಕಕ್ಕೂ ವಕ್ರತೆಗೂ ಸಂಬಂಧವಿಲ್ಲ. ಇಡೀ ಚಿತ್ರವನ್ನು ಎಷ್ಟು ಹಿಗ್ಗಿಸಬೇಕು ಅಥವಾ ಕುಗ್ಗಿಸಬೇಕು ಎಂದಷ್ಟೇ ಅದು ಹೇಳುತ್ತದೆ. ನಿಮ್ಮ ನೋಟದ ವ್ಯಾಪ್ತಿಯನ್ನು ಕಾರ್ಖಾನೆಯಲ್ಲಿ ಕುಳಿತವರು ಬರೆದಿಟ್ಟಿರುವುದು ಆ ಒಂದು ಸಂಖ್ಯೆಯಲ್ಲಿ.

ಎಲ್ಲ ತಂತ್ರಾಂಶಗಳೂ ಆ ಮಾತನ್ನು ಕೇಳಬೇಕೆಂದೇನೂ ಇಲ್ಲ. ಲೈಟ್‌ರೂಮ್ ಮೈಕ್ರೋ ಫೋರ್ ಥರ್ಡ್ಸ್ ಫೈಲುಗಳಲ್ಲಿ ಒಳಗಿನ ಸೂಚನೆಯನ್ನು ತಾನಾಗಿಯೇ ಪಾಲಿಸುತ್ತದೆ, ಬೇಡವೆನ್ನಲು ನಿಮಗೆ ಅವಕಾಶ ಕೊಡುವುದಿಲ್ಲ. ಡಿಎಕ್ಸ್‌ಒದವರು ತಮ್ಮ ಪ್ರಯೋಗಾಲಯದಲ್ಲಿ ಲೆನ್ಸನ್ನು ತಾವೇ ಅಳೆದು, ಆ ಅಳತೆಯನ್ನು ನಂಬುತ್ತಾರೆ. ಕ್ಯಾಪ್ಚರ್ ಒನ್‌ನಲ್ಲಿ ಎಳೆದು ಡೊಂಕಾದ ಅಂಚನ್ನು ಮರೆಮಾಡಬೇಕೇ ಬೇಡವೇ ಎಂಬ ಆಯ್ಕೆ ಇದೆ; ಬೇಡವೆಂದರೆ ಡೊಂಕು ಹೊರರೇಖೆ ಪೂರ್ತಿ ಕಾಣುತ್ತದೆ. ಡಾರ್ಕ್‌ಟೇಬಲ್‌ನಲ್ಲಿ ಹಿಗ್ಗು-ಕುಗ್ಗಿನ ಪ್ರಮಾಣಕ್ಕೇ ಒಂದು ಜಾರುಪಟ್ಟಿ ಇದೆ. ರಾಥೆರಪಿಯಲ್ಲಿ ಖಾಲಿ ಜಾಗವನ್ನು ತಾನಾಗಿ ತುಂಬುವಂತೆ ಹೇಳಬಹುದು, ಹೇಳದೆಯೂ ಇರಬಹುದು. ಈ ಕೊನೆಯ ಎರಡೂ ಲೆನ್ಸ್‌ಫನ್ ಎಂಬ ಮುಕ್ತ ಸಂಗ್ರಹದ ಅಳತೆಗಳನ್ನು ಬಳಸಬಲ್ಲವು. ಅಲ್ಲಿನ ಅಳತೆಗಳು ಬಳಕೆದಾರರೇ ತೆಗೆದುಕೊಟ್ಟವು, ಗುಣಮಟ್ಟ ಲೆನ್ಸಿನಿಂದ ಲೆನ್ಸಿಗೆ ಬೇರೆ.

ಇಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸೂಕ್ಷ್ಮವಿದೆ. ವಕ್ರತೆ ತಿದ್ದುವಾಗ ಯಾವುದೋ ಒಂದು ವೃತ್ತವನ್ನು ಕದಲಿಸದೆ ಇಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಬೇಕು. ಮಧ್ಯಭಾಗವನ್ನು ಕದಲಿಸದೆ ಇಟ್ಟರೆ ಮೂಲೆಗಳು ಹೊರಗೆ ಹೋಗುತ್ತವೆ. ಮೂಲೆಯನ್ನು ಕದಲಿಸದೆ ಇಟ್ಟರೆ ಮಧ್ಯ ಕುಗ್ಗಿ, ಬದಿಗಳಲ್ಲಿ ಖಾಲಿ ಜಾಗ ಬರುತ್ತದೆ. ಪನೋರಮಾ ಜೋಡಿಸುವ ಹ್ಯೂಗಿನ್ ತಂತ್ರಾಂಶದ ಸೂತ್ರದಲ್ಲಿ ಕದಲದಿರುವುದು ಚಿತ್ರದ ಚಿಕ್ಕ ಬದಿಯ ಅರ್ಧವನ್ನು ತ್ರಿಜ್ಯವಾಗಿ ಉಳ್ಳ ವೃತ್ತ. ಮೂರೂ ದಾರಿಗಳಲ್ಲಿ ಗೋಡೆ ಅಷ್ಟೇ ನೆಟ್ಟಗಾಗುತ್ತದೆ, ನೋಟದ ವ್ಯಾಪ್ತಿ ಮಾತ್ರ ಮೂರು ಬಗೆ. ಎರಡು ತಂತ್ರಾಂಶಗಳ ಫಲಿತಾಂಶ ಬೇರೆಯಾದಾಗ ಒಂದರ ಅಳತೆ ತಪ್ಪಿರಬೇಕೆಂದು ಭಾವಿಸುವ ಮೊದಲು ಇದನ್ನು ನೋಡಬೇಕು.

ಇದರಲ್ಲಿ ಮೋಸವಿದೆಯೇ? ವ್ಯಾಪ್ತಿಯ ಮಟ್ಟಿಗೆ ನಾನು ಇಲ್ಲವೆನ್ನುತ್ತೇನೆ. 24 ಎಂದು ಬರೆದು, ಕೊನೆಗೆ 24ರ ನೋಟವನ್ನೇ ಕೊಟ್ಟಿದ್ದಾರೆ. ಆದರೆ ಮೂಲೆಯ ವಿವರಗಳ ಮಟ್ಟಿಗೆ ನನ್ನ ಉತ್ತರ ಅಷ್ಟು ಉದಾರವಲ್ಲ. ಮೇಲಿನ ಕಾಗದದ ಲೆನ್ಸಿನಲ್ಲಿ ಸರಿಪಡಿಸಿದ ಚಿತ್ರದ ಮೂಲೆಯು ಹೊರದಿಕ್ಕಿಗೆ ಸುಮಾರು ಶೇಕಡಾ 17ರಿಂದ 18ರಷ್ಟು ಎಳೆಯಲ್ಪಟ್ಟಿದೆ. ಸೆನ್ಸರ್ ದಾಖಲಿಸಿದ ವಿವರ ಅಷ್ಟೇ ಇದ್ದು, ಅದನ್ನು ಹೆಚ್ಚು ಪಿಕ್ಸೆಲ್‌ಗಳಿಗೆ ಹಂಚಲಾಗಿದೆ. ಮೂಲೆಗಳು ಮೊದಲೇ ಮಬ್ಬಾಗಿರುವ ಲೆನ್ಸಿಗೆ ಇದು ಮೇಲಿನ ಹೊರೆ. ಬೆಳಕಿನ ಕೊರತೆಯನ್ನೂ ತಂತ್ರಾಂಶವೇ ಎತ್ತಿಕೊಡುವುದರಿಂದ ಕಾಳುಕಾಳಾದ ಗದ್ದಲವೂ (ನಾಯ್ಸ್) ಅಲ್ಲೇ ಹೆಚ್ಚು. ಇದಕ್ಕೆ ಪ್ರತಿಯಾಗಿ ಸಿಕ್ಕಿದ್ದು ಹಗುರವಾದ, ಚಿಕ್ಕದಾದ, ಅಗ್ಗವಾದ ಲೆನ್ಸ್. ಕೊಳ್ಳುವವರು ತೂಗಿ ನೋಡಬೇಕು.

ಗೆರೆಗಳನ್ನು ಬಾಗಿಸಿಯೇ ತೋರಿಸುವ ಫಿಶ್‌ಐ ಲೆನ್ಸಿನಲ್ಲಿ ಇದೇ ಲೆಕ್ಕ ತಾರಕಕ್ಕೇರುತ್ತದೆ. ಕರ್ಣಕ್ಕೆ 180 ಡಿಗ್ರಿ ಕಾಣುವ ಲೆನ್ಸನ್ನು ನೇರ ಗೆರೆಯ ಚಿತ್ರವಾಗಿ ಬಿಡಿಸಲು ಹೊರಟರೆ 90 ಡಿಗ್ರಿಯ ಟ್ಯಾಂಜೆಂಟ್ ಬೇಕಾಗುತ್ತದೆ, ಅದು ಅನಂತ. 120 ಡಿಗ್ರಿಯ ನೋಟಕ್ಕೆ ಬೇಕಾದ ಹಾಳೆಗಿಂತ 150 ಡಿಗ್ರಿಗೆ ಬೇಕಾದ ಹಾಳೆ ಎರಡು ಪಟ್ಟಿಗೂ ಹೆಚ್ಚು ಅಗಲ. ಹಾಗಾಗಿ ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು, ಇಲ್ಲವೇ ನೇರ ಗೆರೆಯ ಹಟ ಬಿಡಬೇಕು.

ಕೊನೆಗೆ, ಲೆನ್ಸಿಗೆ ಸಂಬಂಧವೇ ಇಲ್ಲದ ಒಂದು ಕತ್ತರಿ. ದಿಗಂತ 2 ಡಿಗ್ರಿ ವಾಲಿದೆ ಎಂದು ಚಿತ್ರವನ್ನು ತಿರುಗಿಸುತ್ತೀರಿ. 3:2ರ ಚಿತ್ರದಲ್ಲಿ ಅಷ್ಟಕ್ಕೇ ಅಗಲದಲ್ಲಿ ಸುಮಾರು ಶೇಕಡಾ 5 ಹೋಯಿತು. 24 ಎಂಎಂ ಹೋಗಿ 25.2 ಆಯಿತು. ವಕ್ರತೆ ತಿದ್ದುವಾಗ ಕಳೆದದ್ದಕ್ಕಿಂತ ಇದು ಹೆಚ್ಚು. ಲೆನ್ಸ್ ಪ್ರೊಫೈಲಿನ, ಅಂದರೆ ವಕ್ರತೆ ತಿದ್ದುವ ಅಳತೆಗಳ, ಮೇಲೆ ಸಿಟ್ಟಾಗುವವರು ಕ್ಯಾಮೆರಾವನ್ನು ನೆಟ್ಟಗೆ ಹಿಡಿದರೆ ಹೆಚ್ಚು ಲಾಭ.

ಪ್ರಶ್ನೆಗಳಿಗೆ ಬರೋಣ. ಪನೋರಮಾ ಜೋಡಿಸುವಾಗ ಸರಿಪಡಿಸಿದ ಚಿತ್ರ ಕೊಡಬೇಕೇ, ಸರಿಪಡಿಸದ್ದೇ ಎಂದು ಒಬ್ಬರು ಕೇಳಿದರು. ಜೋಡಿಸುವ ತಂತ್ರಾಂಶ ವಕ್ರತೆಯನ್ನು ತಾನೇ ಅಂದಾಜು ಮಾಡಬಲ್ಲದು, ಆದ್ದರಿಂದ ಎರಡೂ ನಡೆಯುತ್ತದೆ. ಬೆರೆಸಬೇಡಿ, ಅಷ್ಟೇ. ಚಿತ್ರಗಳಿಂದ ಮೂರು ಆಯಾಮದ ಮಾದರಿ ಅಥವಾ ನಕ್ಷೆ ಮಾಡುವವರಿಗೆ ಮಾತ್ರ ಬೇರೆ ಉತ್ತರ. ಆ ತಂತ್ರಾಂಶಗಳು ಲೆನ್ಸಿನ ವರ್ತನೆಯನ್ನು ತಮ್ಮದೇ ಗಣಿತದಿಂದ ಬಿಡಿಸುತ್ತವೆ. ಅದಕ್ಕೆ ಬ್ರೌನ್ ಮತ್ತು ಕಾನ್ರಾಡಿಯವರ ಹೆಸರಿದೆ, ಕಾನ್ರಾಡಿ ಅದರ ಬಗ್ಗೆ ಬರೆದದ್ದು 1919ರಲ್ಲಿ. ಮೊದಲೇ ಎಳೆದು ಕತ್ತರಿಸಿದ ಚಿತ್ರ ಕೊಟ್ಟರೆ ಅದರ ಲೆಕ್ಕ ಹದಗೆಡುತ್ತದೆ. ಅಲ್ಲಿಗೆ ಏನೂ ತಿದ್ದದ ಚಿತ್ರವನ್ನೇ ಕೊಡಿ.

ನಮ್ಮ ಲೆನ್ಸಿನ ನಿಜವಾದ ವ್ಯಾಪ್ತಿಯನ್ನು ಅಳೆಯುವುದು ಹೇಗೆ ಎಂಬುದು ಇನ್ನೊಂದು ಪ್ರಶ್ನೆ. ಗೋಡೆಗೆ ಅಳತೆಪಟ್ಟಿ ಅಂಟಿಸಿ, ದೂರ ಅಳೆದು, ಮೇಲಿನ ಸೂತ್ರವನ್ನೇ ಬಳಸಬಹುದು. ದೂರವನ್ನು ಲೆನ್ಸಿನೊಳಗಿನ ಯಾವ ಬಿಂದುವಿನಿಂದ ಅಳೆಯಬೇಕು ಎಂಬ ತಲೆನೋವು ಅಲ್ಲಿದೆ, ಹತ್ತಿರಕ್ಕೆ ಫೋಕಸ್ ಮಾಡಿದರೆ ಅನೇಕ ಲೆನ್ಸುಗಳ ವ್ಯಾಪ್ತಿಯೇ ಬದಲಾಗುತ್ತದೆ. ಇವೆರಡೂ ಬೇಡವೆಂದರೆ ನಕ್ಷತ್ರಗಳ ಚಿತ್ರ ತೆಗೆಯಿರಿ. ನಕ್ಷತ್ರಗಳ ನಡುವಿನ ಕೋನಗಳು ಖಗೋಳಜ್ಞರಿಗೆ ಚೆನ್ನಾಗಿ ಗೊತ್ತು; ಚಿತ್ರವನ್ನು ನೋಡಿ ಅದು ಆಕಾಶದ ಯಾವ ತುಣುಕು, ಎಷ್ಟು ಡಿಗ್ರಿ ಅಗಲ ಎಂದು ಹೇಳುವ ತಂತ್ರಾಂಶಗಳಿವೆ.

ಕ್ಯಾಮೆರಾದಲ್ಲಿ ಚೌಕಾಕಾರದ ಚಿತ್ರ ಆರಿಸಿಕೊಂಡರೆ ರಾ ಫೈಲಿನಲ್ಲೂ ಉಳಿದದ್ದು ಹೋಗುತ್ತದೆಯೇ ಎಂದು ಹಿಂದಿನ ಸಾಲಿನಿಂದ ಕೇಳಿದರು. ಅನೇಕ ಕ್ಯಾಮೆರಾಗಳಲ್ಲಿ ಹೋಗುವುದಿಲ್ಲ. ಆಕಾರದ ಆಯ್ಕೆ ಫೈಲಿನಲ್ಲಿ ಒಂದು ಟಿಪ್ಪಣಿಯಾಗಿ ಮಾತ್ರ ಉಳಿಯುತ್ತದೆ, ಕ್ರಾಪ್ ಸಾಧನವನ್ನು ತೆರೆದರೆ ಪೂರ್ತಿ ಚಿತ್ರ ಮರಳುತ್ತದೆ. ಆದರೆ ಫುಲ್ ಫ್ರೇಮ್ ಕ್ಯಾಮೆರಾವನ್ನು ಎಪಿಎಸ್-ಸಿ ಕ್ರಾಪ್‌ಗೆ (ಸೆನ್ಸರಿನ ನಡುವಿನ ಚಿಕ್ಕ ಭಾಗವನ್ನಷ್ಟೇ ಬಳಸುವ ಆಯ್ಕೆಗೆ) ಇಟ್ಟು ತೆಗೆದರೆ ಹೊರಗಿನ ಪಿಕ್ಸೆಲ್‌ಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಅವನ್ನು ಯಾವ ತಂತ್ರಾಂಶವೂ ತರಲಾರದು.